ಸಿ.ವಿ. ರಾಮನ್: ಹೂವಿನ ಎಸಳಲ್ಲಿ ಕಂಡಿದ್ದು, ಲ್ಯಾಬಿನ ಬಾಗಿಲಲ್ಲಿ ಕಾಣದೆ ಹೋಗಿದ್ದು

ನಮ್ಮೂರು ತೆಂಗಳಿ. ಶಾಲೆಯಲ್ಲಿ ಪ್ರತಿ ಫೆಬ್ರವರಿ 28ಕ್ಕೆ ಪೇಟ ಸುತ್ತಿದ ಸಿ.ವಿ. ರಾಮನ್ ಫೋಟೋ ತಂದು ಕುರ್ಚಿ ಮೇಲಿಟ್ಟು, ಹಾರ ಹಾಕಿ, ಊದಿನಕಡ್ಡಿ ಹಚ್ಚಿ ಕೈ ಮುಗಿಯುತ್ತಿದ್ದೆವು. ನೊಬೆಲ್ ತಂದವರು ಅಂತ ಗೊತ್ತಿತ್ತು. ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಆ ಪ್ರಶ್ನೆ ನನಗೆ ಬಂದದ್ದು ಕೋವಿಡ್ ಕಾಲದಲ್ಲಿ. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದಲೇ, 2020ರ ಮಾರ್ಚ್‌ನಲ್ಲಿ. ಎರಡನೇ ಅಲೆ ಹೊತ್ತಿಗೆ ಮನೆಮನೆಗೂ ಆಕ್ಸಿಮೀಟರ್ ಬಂದಿತ್ತು. ಮುತ್ಯಾನ ಬೆರಳಿಗೆ ಅದನ್ನ ಸಿಕ್ಕಿಸಿ, 94 ಅಂತ ತೋರಿಸಿದ್ರೆ ಉಸಿರು ಬಿಡ್ತಿದ್ದೆವು. ಜೀವನವಿಡೀ ಹೊಲದ ಬಿಸಿಲಲ್ಲಿ ದುಡಿದ ಕಪ್ಪು ಕೈ ಅದು. ಆಮೇಲೆ ಒಂದು ಸುದ್ದಿ ಓದಿದೆ: ಕಪ್ಪು ಚರ್ಮದವರಲ್ಲಿ ಈ ಯಂತ್ರ ಆಕ್ಸಿಜನ್ ಇರೋದಕ್ಕಿಂತ ಹೆಚ್ಚು ತೋರಿಸಬಹುದು. ಅಮೆರಿಕದ ರೋಗಿಗಳ ದಾಖಲೆ ಇಟ್ಟುಕೊಂಡು 2020ರ ಕೊನೆಗೆ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರದ ಕಣ್ಣಿಗೆ ಬೀಳದ ಆಕ್ಸಿಜನ್ ಕೊರತೆ ಬಿಳಿಯರಿಗಿಂತ ಕಪ್ಪುಜನರಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ಇತ್ತು. ಬೆಳಕಿಗೂ ಜಾತಿ, ಬಣ್ಣ ಇರುತ್ತಾ ಅಂತ ಹುಡುಕುತ್ತಾ ಹೋದವನು ಬಂದು ನಿಂತದ್ದು ಮತ್ತೆ ಅದೇ ಪೇಟದ ರಾಮನ್ ಮುಂದೆ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚ್ಚಿರಾಪಳ್ಳಿಯಲ್ಲಿ. ಅಪ್ಪ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರ ಹೇಳಿಕೊಡುತ್ತಿದ್ದವರು. ಮನೆ ತುಂಬ ಪುಸ್ತಕ. ಆ ಕಾಲದಲ್ಲಿ ಎಂಥಾ ಮನೆಯ ಮಗುವಿಗೆ ಈ ಭಾಗ್ಯ ಇತ್ತು ಅನ್ನೋದನ್ನ ಮರೆಯಬಾರದು. ಹಾಗಂತ ಹುಡುಗನ ಚುರುಕನ್ನೂ ಅಲ್ಲಗಳೆಯಬೇಕಿಲ್ಲ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗಲೇ, 1906ರಲ್ಲಿ, ಲಂಡನ್ನಿನ ಪತ್ರಿಕೆಯಲ್ಲಿ ಬೆಳಕಿನ ಬಗ್ಗೆ ಮೊದಲ ಪ್ರಬಂಧ ಅಚ್ಚಾಯಿತು. ಆದರೆ ವಿಜ್ಞಾನದಲ್ಲಿ ಹೊಟ್ಟೆಗೆ ದಾರಿ ಇರಲಿಲ್ಲ. 1907ರಲ್ಲಿ ಹಣಕಾಸು ಇಲಾಖೆ ಸೇರಿ ಕಲ್ಕತ್ತೆಗೆ ಹೋದರು.

ಅಲ್ಲಿ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ್ದ ವಿಜ್ಞಾನ ಸಂಸ್ಥೆ ಹೆಚ್ಚುಕಮ್ಮಿ ಖಾಲಿ ಬಿದ್ದಿತ್ತು. ಕಲ್ಕತ್ತೆಯಲ್ಲಿದ್ದಾಗೆಲ್ಲ ರಾಮನ್ ಬೆಳಗ್ಗೆ ಅಲ್ಲಿ, ಹಗಲು ಲೆಕ್ಕಪತ್ರದ ಕಚೇರಿ, ಸಂಜೆ ಮತ್ತೆ ಅಲ್ಲಿ. 1917ರಲ್ಲಿ ದೊಡ್ಡ ಸಂಬಳದ ಸರ್ಕಾರಿ ನೌಕರಿ ಬಿಟ್ಟು, ಕಡಿಮೆ ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಹಡಗಿನಲ್ಲಿ ಹೋಗಿ ಬರುವಾಗ ಕಂಡ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನ ಹಿಡಿದು ನಿಲ್ಲಿಸಿತು. ಸಮುದ್ರ ನೀಲಿ ಕಾಣೋದು ಆಕಾಶದ ಪ್ರತಿಬಿಂಬ ಅಂತ ದೊಡ್ಡವರು ಹೇಳಿದ್ದರು. ಜೇಬಿನಲ್ಲಿದ್ದ ನಿಕೋಲ್ ಪ್ರಿಸಂನಿಂದ ಆ ಪ್ರತಿಬಿಂಬ ತಡೆದು ನೋಡಿದರೂ ನೀಲಿ ಹೋಗಲಿಲ್ಲ. ನೀರಿನ ಅಣುಗಳೇ ಬೆಳಕನ್ನ ಚದುರಿಸುತ್ತಿದ್ದವು. ಅಲ್ಲಿಂದ ಏಳು ವರ್ಷ ದ್ರವಗಳಲ್ಲಿ ಬೆಳಕು ಚದುರೋದರ ಬೆನ್ನು ಹತ್ತಿದರು. 1928ರ ಫೆಬ್ರವರಿ 28ರಂದು, ಚದುರಿದ ಬೆಳಕಿನ ಒಂದು ಸಣ್ಣ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ ಅನ್ನೋದು ಖಚಿತವಾಯಿತು. ಜೊತೆಯಲ್ಲಿ ಹಗಲಿರುಳು ದುಡಿದವರು ಕೆ.ಎಸ್. ಕೃಷ್ಣನ್. ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ರಷ್ಯಾದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡಲ್‌ಸ್ಟಾಮ್ ಹರಳುಗಳಲ್ಲಿ ಇದನ್ನೇ ಕಂಡಿದ್ದರು. 1930ರ ನೊಬೆಲ್ ಬಂದದ್ದು ರಾಮನ್ ಒಬ್ಬರಿಗೆ.

ಶಾಲೆಯ ಪಾಠ ಇಲ್ಲಿಗೆ ಮುಗಿಯುತ್ತದೆ. ನನಗೆ ಬೇಕಾದ ರಾಮನ್ ಇನ್ನೂ ಮುಂದಿದ್ದಾರೆ, ಬೆಂಗಳೂರಿನಲ್ಲಿ.

1933ರಲ್ಲಿ ಅವರು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಆ ಕುರ್ಚಿಗೆ ಬಂದ ಮೊದಲ ಭಾರತೀಯ. ಒಳಜಗಳ ಜೋರಾಗಿ 1937ರಲ್ಲಿ ನಿರ್ದೇಶಕ ಹುದ್ದೆ ಬಿಟ್ಟರು. ಪ್ರಾಧ್ಯಾಪಕರಾಗಿ 1948ರವರೆಗೆ ಇದ್ದು, ಆಮೇಲೆ ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ ಎದ್ದ ತಮ್ಮದೇ ಸಂಶೋಧನಾ ಸಂಸ್ಥೆಗೆ ಹೋದರು. ಸರ್ಕಾರದ ದುಡ್ಡು ಬಂದರೆ ಸರ್ಕಾರದ ಮಾತೂ ಬರುತ್ತದೆ ಅಂತ ಅನುದಾನದಿಂದ ದೂರ ಉಳಿದರು. ಅಲ್ಲಿ ಗುಲಾಬಿ ತೋಟ ಬೆಳೆಸಿದರು. ಎಪ್ಪತ್ತು ದಾಟಿದ ಮುದುಕ, ಪುಟ್ಟ ಸ್ಪೆಕ್ಟ್ರೋಸ್ಕೋಪ್ ಹಿಡಿದು ಹೂವಿನ ಎಸಳುಗಳನ್ನ ಒಂದೊಂದಾಗಿ ನೋಡುತ್ತಾ ಹೋದರು.

ಇದು ಹುಡುಗಾಟ ಅಲ್ಲ. ಬಣ್ಣದ ನೀರಿನಲ್ಲಿ ಬೆಳಕು ಎಷ್ಟು ಹೀರಲ್ಪಟ್ಟಿತು ಅಂತ ಅಳೆಯೋದು ಸುಲಭ: ಈ ಕಡೆಯಿಂದ ಬಿಟ್ಟ ಬೆಳಕು ನೆಟ್ಟಗೆ ಆ ಕಡೆ ಬರುತ್ತದೆ, ಕಡಿಮೆ ಆದಷ್ಟು ಹೀರಿದ್ದು. ಹಾಲು, ಎಸಳು, ಶಹಾಬಾದ್ ಕಲ್ಲಿನ ಪುಡಿ, ನಮ್ಮ ಚರ್ಮ ಹಂಗಲ್ಲ. ಒಳಗೆ ಹೋದ ಬೆಳಕು ಸಾವಿರ ಕಡೆ ಬಡಿದು ದಾರಿ ತಪ್ಪುತ್ತದೆ. ಹೊರಗೆ ಬಾರದ ಬೆಳಕನ್ನ ವಸ್ತು ಹೀರಿತೋ, ಅಥವಾ ಅದು ಬೇರೆ ದಿಕ್ಕಿಗೆ ಚದುರಿ ಹೋಯಿತೋ? ಎಷ್ಟು ದೂರ ನಡೆದು ಹೋಯಿತು? ಈ ಗಂಟು ಬಿಚ್ಚಲು 1931ರಲ್ಲಿ ಕುಬೆಲ್ಕಾ ಮತ್ತು ಮುಂಕ್ ಅನ್ನುವ ಇಬ್ಬರು ಒಂದು ಲೆಕ್ಕ ಕೊಟ್ಟರು. ಒಳಗೆಲ್ಲ ಬಿಳಿ ಬಳಿದ ಪೊಳ್ಳು ಗೋಳದಲ್ಲಿ ವಸ್ತುವನ್ನಿಟ್ಟು, ಎತ್ತೆತ್ತಲೋ ಚದುರಿದ ಬೆಳಕನ್ನೆಲ್ಲ ಒಟ್ಟುಗೂಡಿಸಿ ಅಳೆಯುವ ಉಪಕರಣವೂ ಇದೆ.

ರಾಮನ್ ಹತ್ತಿರದ ದಾರಿ ಹಿಡಿದರು. ಎಸಳಿನಿಂದ ಬಂದ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿ, ಯಾವ ಪಟ್ಟಿ ಕಾಣೆಯಾಗಿದೆ ಅಂತ ಹುಡುಕಿದರು. ಹಳದಿ ಹೂವು ಹಳದಿಯನ್ನಷ್ಟೇ ಕಳಿಸೋದಿಲ್ಲ. ಕೆಂಪು, ಕಿತ್ತಳೆ, ಹಸಿರು ಎಲ್ಲ ಕಳಿಸಿ, ನೀಲಿಯನ್ನ ಮಾತ್ರ ನುಂಗುತ್ತದೆ. ಇದನ್ನಿಟ್ಟುಕೊಂಡು ಕಣ್ಣು ಬಣ್ಣ ನೋಡುವ ಬಗ್ಗೆ ತಮ್ಮದೇ ಸಿದ್ಧಾಂತ ಕಟ್ಟಿ 1968ರಲ್ಲಿ ಪುಸ್ತಕ ತಂದರು. ಸಿದ್ಧಾಂತ ನಿಲ್ಲಲಿಲ್ಲ. ಕಣ್ಣಿನಲ್ಲಿ ಮೂರು ಬಗೆಯ ಬಣ್ಣದ ಕೋಶಗಳಿವೆ ಅನ್ನೋದನ್ನ ಅವರು ಒಪ್ಪಲಿಲ್ಲ, ಜಗತ್ತು ಒಪ್ಪಿತು. ಸಮುದ್ರದ ವಿಷಯದಲ್ಲಿ ದೊಡ್ಡವರನ್ನ ಪ್ರಶ್ನಿಸಿ ಗೆದ್ದವರು, ಕಣ್ಣಿನ ವಿಷಯದಲ್ಲಿ ತಮ್ಮನ್ನ ತಾವು ಪ್ರಶ್ನಿಸಿಕೊಳ್ಳದೆ ಸೋತರು.

ಅದಕ್ಕಿಂತ ದೊಡ್ಡ ಸೋಲು ಲ್ಯಾಬಿನ ಬಾಗಿಲಲ್ಲಿ ಆಗಿತ್ತು. 1933ರಲ್ಲಿ ಕಮಲಾ ಭಾಗವತ್ ಅರ್ಜಿ ಹಾಕಿದಾಗ, ಹೆಣ್ಣು ಅನ್ನೋ ಕಾರಣಕ್ಕೆ ರಾಮನ್ ತಿರಸ್ಕರಿಸಿದರು. ಆಕೆ ಹಠ ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ, ಗಂಡಸರ ಕೆಲಸಕ್ಕೆ ತೊಂದರೆ ಆಗಬಾರದು ಅನ್ನೋ ಷರತ್ತಿನ ಮೇಲೆ ಒಳಬಿಟ್ಟರು. ಆಮೇಲೆ ಆಕೆ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದು ಕಮಲಾ ಸೊಹೊನಿ ಅಂತ ಹೆಸರಾದರು.

1940ರಲ್ಲಿ ಬಂದ ಅಣ್ಣಾ ಮಣಿಯವರನ್ನ ರಾಮನ್ ತಾವೇ ಸೇರಿಸಿಕೊಂಡರು. ವಜ್ರಗಳು ಬೆಳಕನ್ನ ಹೀರುವ, ಹೊಳೆಯುವ ಬಗೆಯನ್ನ ಆಕೆ ಫೋಟೋಪ್ಲೇಟಿನ ಮೇಲೆ ಹಿಡಿದರು. ಒಂದೊಂದು ಪ್ಲೇಟಿಗೆ ಹದಿನೈದು, ಇಪ್ಪತ್ತು ಗಂಟೆ ಬೇಕಾಗುತ್ತಿತ್ತು. ಆದರೆ ಆ ಲ್ಯಾಬಿನಲ್ಲಿ ಹೆಣ್ಣು ಗಂಡು ಕೂತು ಚರ್ಚೆ ಮಾಡೋದು ರಾಮನ್‌ಗೆ ಹಿಡಿಸುತ್ತಿರಲಿಲ್ಲ. ಎಂ.ಎಸ್ಸಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಆಕೆಗೆ ಪಿಎಚ್‌ಡಿ ಕೊಡಲಿಲ್ಲ. ಅಣ್ಣಾ ಮಣಿ ಇಂಗ್ಲೆಂಡಿಗೆ ಹೋಗಿ ಬಂದು ಹವಾಮಾನ ಇಲಾಖೆ ಸೇರಿದರು. ಆಕಾಶದಿಂದ ನೇರ ಬೀಳುವ ಬಿಸಿಲೆಷ್ಟು, ಚದುರಿ ಬರುವ ಬೆಳಕೆಷ್ಟು ಅಂತ ದೇಶಕ್ಕೆ ಲೆಕ್ಕ ಕೊಟ್ಟರು. ಬಿಸಿಲನಾಡಿನ ನಾವು ಇವತ್ತು ಸೋಲಾರ್ ಬಗ್ಗೆ ಆಡುವ ಮಾತಿನ ಕೆಳಗೆ ಆಕೆಯ ಅಂಕಿಗಳಿವೆ.

1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ಅವರ ಸಂಸ್ಥೆಯ ತೋಟದಲ್ಲೇ ದಹನವಾಯಿತು. ಆ ಜಾಗದಲ್ಲಿ ಗುಡಿ ಗೋಪುರ ಇಲ್ಲ, ಒಂದು ಮರ ಇದೆ.

ಮುತ್ಯಾನ ಬೆರಳಿಗೆ ಮತ್ತೆ ಬರ್ತೀನಿ. ಬೆಳಕಿಗೆ ಜಾತಿ ಇಲ್ಲ. ಆದರೆ ಚರ್ಮದೊಳಗೆ ಚದುರುವ ಬೆಳಕನ್ನ ಆಕ್ಸಿಜನ್ ಅಂಕಿಯಾಗಿ ತಿರುಗಿಸೋದು ಮನುಷ್ಯರು ಮಾಡಿದ ಕೋಷ್ಟಕ. ಯಾರ ಬೆರಳು ನೋಡಿ ಅದನ್ನ ಮಾಡಿದರು ಅನ್ನೋದು ರಾಜಕೀಯ ಪ್ರಶ್ನೆ. ಲ್ಯಾಬಿನೊಳಗೆ ಯಾರನ್ನ ಬಿಟ್ಟರು ಅನ್ನೋದೂ ಅದೇ ಪ್ರಶ್ನೆ. ರಾಮನ್ ಅವರನ್ನ ದೇವರು ಮಾಡಿದರೆ ಇದನ್ನ ಕೇಳೋಕಾಗಲ್ಲ. ಬರೀ ಬೈದು ಬಿಟ್ಟರೆ ಜೇಬಿನ ಪ್ರಿಸಂ ಕಳೆದುಕೊಳ್ತೀವಿ.

ಮುಂದಿನ ಫೆಬ್ರವರಿ 28ಕ್ಕೆ ನಮ್ಮೂರ ಶಾಲೆಗೆ ಹೋಗಬೇಕು ಅಂದುಕೊಂಡಿದ್ದೀನಿ. ರಾಮನ್ ಫೋಟೋ ಪಕ್ಕ ಕಮಲಾ ಸೊಹೊನಿ, ಅಣ್ಣಾ ಮಣಿ ಫೋಟೋನೂ ಇಡಬೇಕು. ಹಾರ, ಊದಿನಕಡ್ಡಿ ಬೇಡ. ರಟ್ಟಿನ ಡಬ್ಬಿಗೆ ಹಳೇ ಸಿಡಿ ತುಂಡು ಅಂಟಿಸಿದರೆ ಒಂದು ಸ್ಪೆಕ್ಟ್ರೋಸ್ಕೋಪ್ ಆಗುತ್ತೆ. ಒಂದು ಹಳದಿ ಹೂವಿನ ಎಸಳನ್ನ ಅದರ ಸೀಳಿಗೆ ಅಡ್ಡ ಹಿಡಿದು, ಯಾವ ಬಣ್ಣ ಕಾಣೆಯಾಗಿದೆ ಅಂತ ಹುಡುಗಿಯರನ್ನೇ ಮೊದಲು ಕರೆದು ಕೇಳಬೇಕು.