ಸರ್ ಸಿ.ವಿ. ರಾಮನ್ ಮತ್ತು ಕಲ್ಲಿನೊಳಗಿನ ಬೆಳಕು

ಪ್ರತಿ ವರ್ಷ ಫೆಬ್ರವರಿ 28ರಂದು ನಾವು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತೇವೆ. ಅಂದು ಭಾಷಣ ಮಾಡುವವರೆಲ್ಲ ಸರ್ ಸಿ.ವಿ. ರಾಮನ್ ಅವರನ್ನು ನೆನೆಯುತ್ತಾರೆ, ಸಮುದ್ರದ ನೀಲಿ ಬಣ್ಣದ ಕಥೆ ಹೇಳುತ್ತಾರೆ, 1930ರ ನೊಬೆಲ್ ಬಹುಮಾನಕ್ಕೆ ಬಂದು ನಿಲ್ಲಿಸುತ್ತಾರೆ. ಆದರೆ ಆ ಬಹುಮಾನ ಬಂದ ಮೇಲೂ ರಾಮನ್ 40 ವರ್ಷ ಬದುಕಿದ್ದರು. ಅದರಲ್ಲಿ 37 ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು. ಆ ವರ್ಷಗಳಲ್ಲಿ ಅವರ ಮನಸ್ಸನ್ನು ಹೆಚ್ಚಾಗಿ ಹಿಡಿದಿಟ್ಟದ್ದು ಕಲ್ಲುಗಳು: ವಜ್ರ, ಬೆಣಚುಕಲ್ಲು, ಚಂದ್ರಕಾಂತ ಶಿಲೆ. ನಾನು ಬರೆಯಹೊರಟಿರುವುದು ಆ ರಾಮನ್ ಬಗ್ಗೆ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಕಾಲೇಜು ಅಧ್ಯಾಪಕರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಹೋಗಬೇಕೆಂದರೆ, ಅಲ್ಲಿನ ಹವೆ ಈ ಹುಡುಗನ ದೇಹಕ್ಕೆ ಆಗದು ಎಂದು ವೈದ್ಯರು ತಡೆದರು. ಎಂ.ಎ. ಮುಗಿಸಿ 1907ರಲ್ಲಿ ಕಲ್ಕತ್ತೆಯ ಹಣಕಾಸು ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಸ್ಥಾಪಿಸಿದ್ದ ವಿಜ್ಞಾನ ಸಂಸ್ಥೆಯೊಂದಿತ್ತು. ಕಚೇರಿಗೆ ಮೊದಲು ಒಂದಿಷ್ಟು ಹೊತ್ತು, ಕಚೇರಿ ಬಿಟ್ಟ ಮೇಲೆ ರಾತ್ರಿಯವರೆಗೆ, ಹೀಗೆ ವರ್ಷಗಟ್ಟಲೆ ಅಲ್ಲಿ ಪ್ರಯೋಗ ಮಾಡಿದರು. 1917ರಲ್ಲಿ ಕಡಿಮೆ ಸಂಬಳವಾದರೂ ಸರಿ ಎಂದು ಸರ್ಕಾರಿ ಹುದ್ದೆ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1928ರಲ್ಲಿ ಅವರು ಕೆ.ಎಸ್. ಕೃಷ್ಣನ್ ಜೊತೆಗೂಡಿ ಕಂಡುಹಿಡಿದದ್ದು ಇಷ್ಟು. ಒಂದೇ ಬಣ್ಣದ ಬೆಳಕನ್ನು ಒಂದು ವಸ್ತುವಿನ ಮೇಲೆ ಬಿಟ್ಟರೆ, ಚದುರಿ ಬರುವ ಬೆಳಕಿನ ಬಹುಪಾಲು ಅದೇ ಬಣ್ಣದಲ್ಲಿರುತ್ತದೆ. ಅತ್ಯಲ್ಪ ಭಾಗ ಮಾತ್ರ ಬಣ್ಣ ಬದಲಿಸಿ ಬರುತ್ತದೆ. ಒಳಗಿನ ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆ; ಬೆಳಕು ಆ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟೋ ಅದರಿಂದ ಪಡೆದೋ ಬರುವುದರಿಂದ ಹೀಗಾಗುತ್ತದೆ. ಪ್ರತಿ ವಸ್ತುವಿನ ಕಂಪನವೂ ಬೇರೆ. ಆದ್ದರಿಂದ ಬದಲಾದ ಬಣ್ಣದ ಗೆರೆಗಳು ಆ ವಸ್ತುವಿನ ಬೆರಳಚ್ಚು ಇದ್ದಂತೆ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಇಲ್ಲಿ ಅವರ ಬೆಳಕು ಹರಳುಗಳ ಕಡೆ ತಿರುಗಿತು. 1940ರಲ್ಲಿ ಅವರೂ ಅವರ ಶಿಷ್ಯ ನೆಡುಂಗಡಿಯವರೂ ಬೆಣಚುಕಲ್ಲಿನ ಹರಳನ್ನು ಕಾಯಿಸುತ್ತಾ ಅದರ ಗೆರೆಗಳನ್ನು ಗಮನಿಸಿದರು. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಣಚುಕಲ್ಲು ತನ್ನ ಒಳರಚನೆಯನ್ನೇ ಬದಲಿಸುತ್ತದೆ. ಆ ಉಷ್ಣತೆ ಹತ್ತಿರವಾದಂತೆ ಒಂದು ಗೆರೆ ಜಾಗ ಬಿಟ್ಟು ಸರಿಯುತ್ತಾ ಮಸುಕಾಗುತ್ತಾ ಹೋಯಿತು. ರೂಪ ಬದಲಿಸುವ ಮುನ್ನ ಕಲ್ಲು ಒಳಗೇ ಸಡಿಲಗೊಳ್ಳುವುದು ಹೀಗೆ ಬೆಳಕಿನಲ್ಲಿ ಕಾಣಿಸಿತು. ಭೂಮಿಯ ಒಳಗೆ ಖನಿಜಗಳು ಹೇಗೆ ರೂಪ ಬದಲಿಸುತ್ತವೆ ಎಂದು ತಿಳಿಯುವವರಿಗೆ ಇದು ಮುಖ್ಯ ಪ್ರಯೋಗ.

ವಜ್ರವೆಂದರೆ ರಾಮನ್‌ಗೆ ಹುಚ್ಚು. ನೂರಾರು ವಜ್ರಗಳನ್ನು ಕೂಡಿಹಾಕಿ ಶಿಷ್ಯರಿಂದ ಪರೀಕ್ಷೆ ಮಾಡಿಸಿದರು. ಅವರಲ್ಲಿ ಅನ್ನಾ ಮಣಿ ಒಬ್ಬರು. 30ಕ್ಕೂ ಹೆಚ್ಚು ವಜ್ರಗಳ ಬೆಳಕನ್ನು ಅವರು ದಾಖಲಿಸಿದರು. ಒಂದೊಂದು ಛಾಯಾಚಿತ್ರಕ್ಕೆ 15ರಿಂದ 20 ಗಂಟೆ ಬೆಳಕು ಬೀಳಿಸಬೇಕಿತ್ತು. ರಾತ್ರಿಯೆಲ್ಲ ಪ್ರಯೋಗಾಲಯದಲ್ಲೇ ಕಳೆಯುತ್ತಿದ್ದರು. ಕೊನೆಗೆ ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ದೊಡ್ಡವರ ಜೀವನ ಬರೆಯುವಾಗ ಇಂಥದ್ದನ್ನು ಬಿಟ್ಟುಬಿಡುತ್ತಾರೆ. 1933ರಲ್ಲಿ ಮುಂಬೈಯ ಕಮಲಾ ಭಾಗವತ್ ಒಳ್ಳೆಯ ಅಂಕ ಪಡೆದು ಅರ್ಜಿ ಹಾಕಿದಾಗ, ಹೆಣ್ಣು ಎಂಬ ಕಾರಣಕ್ಕೆ ರಾಮನ್ ಸೇರಿಸಿಕೊಳ್ಳಲಿಲ್ಲ. ಆಕೆ ಬಿಡದೆ ಹಟ ಹಿಡಿದ ಮೇಲೆ ಒಂದು ವರ್ಷ ಷರತ್ತಿನ ಮೇಲೆ ಒಪ್ಪಿದರು. ಕೆಲಸ ನೋಡಿದ ಮೇಲೆ ಅಭಿಪ್ರಾಯ ಬದಲಿಸಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಡ್ಜ್‌ನಿಂದ ಡಾಕ್ಟರೇಟ್ ಪಡೆದರು. ಅನ್ನಾ ಮಣಿಯವರ ವಜ್ರಗಳು ಆ ಬಾಗಿಲಿನ ಒಳಗಿದ್ದವು. ವಿಜ್ಞಾನದಲ್ಲೂ ರಾಮನ್ ಎಲ್ಲದರಲ್ಲಿ ಗೆಲ್ಲಲಿಲ್ಲ. ಹರಳಿನ ಕಂಪನಗಳ ಬಗ್ಗೆ ಮ್ಯಾಕ್ಸ್ ಬಾರ್ನ್ ಜೊತೆ ವರ್ಷಗಟ್ಟಲೆ ವಾದ ಮಾಡಿದರು. ಜಗತ್ತು ಒಪ್ಪಿದ್ದು ಬಾರ್ನ್ ಸಿದ್ಧಾಂತವನ್ನು.

1948ರಲ್ಲಿ ನಿವೃತ್ತರಾಗಿ, ಮೈಸೂರು ಮಹಾರಾಜರು ವಿಜ್ಞಾನ ಅಕಾಡೆಮಿಗೆ ಕೊಟ್ಟಿದ್ದ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ನಡೆಸಿದರು. ಅಲ್ಲಿ ಎ. ಜಯರಾಮನ್ ಎಂಬ ತರುಣ ಅವರೊಡನೆ ಚಂದ್ರಕಾಂತ ಶಿಲೆಯ ಹೊಳಪನ್ನು ಅಭ್ಯಸಿಸಿದರು. 1960ರ ದಶಕದ ಆರಂಭದಲ್ಲಿ ಜಯರಾಮನ್ ಅಮೆರಿಕಕ್ಕೆ ಹೋಗಿ ಜಾರ್ಜ್ ಕೆನಡಿಯವರ ಅಧಿಕ ಒತ್ತಡದ ಪ್ರಯೋಗಾಲಯ ಸೇರಿದರು, ಮುಂದೆ ಆ ಕ್ಷೇತ್ರದಲ್ಲಿ ಜಗತ್ತಿಗೇ ಗೊತ್ತಿರುವ ಹೆಸರಾದರು. ರಾಮನ್ 1970ರ ನವೆಂಬರ್ 21ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ನಡೆಯಿತು.

ಭೂಮಿಯ ಕೇಂದ್ರ 6,371 ಕಿ.ಮೀ. ಆಳದಲ್ಲಿದೆ. ಮನುಷ್ಯ ಕೊರೆದ ಅತಿ ಆಳದ ರಂಧ್ರ, ರಷ್ಯಾದ ಕೋಲಾದಲ್ಲಿರುವುದು, 12 ಕಿ.ಮೀ. ಮಾತ್ರ. ಹಾಗಾದರೆ ಒಳಗೇನಿದೆ ಎಂದು ತಿಳಿಯುವುದು ಹೇಗೆ? ಎರಡು ವಜ್ರಗಳ ಮೊನೆಗಳ ನಡುವೆ ಖನಿಜದ ಒಂದು ಕಣವನ್ನಿಟ್ಟು ಒತ್ತುತ್ತಾರೆ. ಭೂಕೇಂದ್ರದ ಒತ್ತಡ ವಾಯುಮಂಡಲದ ಸುಮಾರು 36 ಲಕ್ಷ ಪಟ್ಟು. ಅಂಗೈಯಲ್ಲಿ ಹಿಡಿಯುವ ಈ ಸಾಧನ ಅಷ್ಟನ್ನೂ ಕೊಡಬಲ್ಲದು. ವಜ್ರ ಪಾರದರ್ಶಕವಾದ್ದರಿಂದ ಅದರ ಮೂಲಕ ಬೆಳಕು ಬಿಟ್ಟು ರಾಮನ್ ಗೆರೆಗಳನ್ನು ಓದುತ್ತಾರೆ. ಪಿಎಚ್.ಡಿ. ಮುಗಿಸಿದ ತರುಣ ತರುಣಿಯರು ಇಂಥ ಪ್ರಯೋಗಾಲಯಗಳಲ್ಲಿ ಇನ್ನೂ ಎರಡು ಮೂರು ವರ್ಷ ದುಡಿದು ಗ್ರಹಗಳ ಒಡಲನ್ನು ತಿಳಿಯುತ್ತಿದ್ದಾರೆ. 2014ರಲ್ಲಿ ಬ್ರೆಜಿಲ್‌ನ ಒಂದು ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಕಣ ಸಿಕ್ಕಿದ ಸುದ್ದಿ ಬಂತು. ಅದು 400 ಕಿ.ಮೀ.ಗಿಂತ ಆಳದಲ್ಲಿ ಹುಟ್ಟುವ ಖನಿಜ, ಅದರೊಳಗೆ ನೀರಿನ ಅಂಶವೂ ಇತ್ತು. ಅದನ್ನು ಗುರುತಿಸಿದ್ದರಲ್ಲಿ ರಾಮನ್ ಬೆಳಕಿಗೂ ಪಾಲಿದೆ. 2021ರಲ್ಲಿ ಮಂಗಳನ ಮೇಲೆ ಇಳಿದ ಪರ್ಸಿವಿಯರೆನ್ಸ್ ವಾಹನದಲ್ಲೂ ಅದೇ ಬೆಳಕಿನ ಉಪಕರಣಗಳಿವೆ.

ಇದೆಲ್ಲ ದೂರದ ಮಾತಲ್ಲ. ನನ್ನ ನಾನಿಯ ಮನೆ ಎಚ್.ಡಿ. ಕೋಟೆಯ ಆಚೆ, ಸರಗೂರಿನ ಕಡೆ. ಹೊಲದ ಬದುವಿನಲ್ಲಿ ಬಿದ್ದಿರುವ ಕಲ್ಲುಗಳ ಮೇಲೆ ಕುಳಿತು ನಾನು ಎಷ್ಟೋ ಸಲ ಓದಿದ್ದೇನೆ. ಆ ಪ್ರದೇಶದ ಬಂಡೆಗಳನ್ನು ಭೂವಿಜ್ಞಾನಿಗಳು ಸರಗೂರು ಶಿಲಾಸಮೂಹ ಎನ್ನುತ್ತಾರೆ. ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಅದರಲ್ಲಿ ಕಯನೈಟ್, ಸಿಲಿಮನೈಟ್ ಎರಡೂ ಸಿಗುತ್ತವೆ. ಎರಡರಲ್ಲೂ ಇರುವುದು ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ, ಅದೂ ಒಂದೇ ಪ್ರಮಾಣದಲ್ಲಿ. ರೂಪ ಮಾತ್ರ ಬೇರೆ. ಒತ್ತಡ ಹೆಚ್ಚಿದ್ದಲ್ಲಿ ಕಯನೈಟ್, ಕಾವು ಹೆಚ್ಚಿದ್ದಲ್ಲಿ ಸಿಲಿಮನೈಟ್. ನಮ್ಮ ಹೊಲದ ಕಲ್ಲೂ ಒಂದು ಕಾಲಕ್ಕೆ ಭೂಮಿಯ ಆಳದಲ್ಲಿ ಒತ್ತಿಸಿಕೊಂಡು ಬಂದದ್ದು.

ಗೆಳತಿಯರೇ, ಗೆಳೆಯರೇ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆಯಿಂದ ಬಂದು ಓದುವ ನಮಗೆ ಪಿಯುಸಿ ನಂತರ ನೀಟ್, ಸಿಇಟಿ ಎರಡೇ ದಾರಿ ಎಂಬ ಭಾವನೆ ಇದೆ. ಬಿ.ಎಸ್ಸಿ. ಎಂದರೆ ಯಾವುದೂ ಸಿಗದವರ ಪಾಡು ಎನ್ನುತ್ತಾರೆ. ಹೆಣ್ಣುಮಕ್ಕಳಾದರೆ ಅಷ್ಟು ವರ್ಷ ಓದುವುದೇಕೆ ಎಂಬ ಪ್ರಶ್ನೆ ಬೇರೆ. ನಾನು ಭೌತಶಾಸ್ತ್ರ, ಭೂವಿಜ್ಞಾನ ಓದಬೇಕೆಂದಿದ್ದೇನೆ. ಮನೆಯಲ್ಲಿ ಇನ್ನೂ ಮಾತುಕತೆ ನಡೆದಿದೆ. ಭೂವಿಜ್ಞಾನ ವಿಭಾಗ ಮಾನಸಗಂಗೋತ್ರಿಯಲ್ಲೇ ಇದೆ, ಹುಣಸೂರಿನಿಂದ ಒಂದು ಬಸ್ಸಿನ ದೂರ. ವಿದೇಶಕ್ಕೆ ಹೋಗಲಾಗದ ರಾಮನ್ ಸರ್ಕಾರಿ ಕೆಲಸದ ನಡುವೆಯೂ ರಾತ್ರಿಗಳನ್ನು ಉಳಿಸಿಕೊಂಡರು. ಮುಚ್ಚಿದ ಬಾಗಿಲನ್ನು ಕಮಲಾ ತೆರೆಸಿದರು. ನಮ್ಮ ಬಾಗಿಲು ಅಷ್ಟೇನೂ ಬಿಗಿಯಾಗಿಲ್ಲ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ