ಮೈಕ್ ಪ್ರ್ಯಾಟ್

ಮೈಕ್ ಪ್ರ್ಯಾಟ್ (7 ಜೂನ್ 1931 – 10 ಜುಲೈ 1976) ಇಂಗ್ಲೆಂಡಿನ ನಟ, ಗೀತರಚನಕಾರ ಹಾಗೂ ಚಿತ್ರಕಥಾ ಲೇಖಕ. ರ್‍ಯಾಂಡಲ್ ಆಂಡ್ ಹಾಪ್‌ಕರ್ಕ್ (ಡಿಸೀಸ್ಡ್) ಎಂಬ ದೂರದರ್ಶನ ಧಾರಾವಾಹಿಯಲ್ಲಿ ಖಾಸಗಿ ಪತ್ತೇದಾರ ಜೆಫ್ ರ್‍ಯಾಂಡಲ್‌ನ ಪಾತ್ರವನ್ನು ನಿರ್ವಹಿಸಿ ಪ್ರಸಿದ್ಧರಾದರು.

ಆರಂಭಿಕ ಜೀವನ ಮತ್ತು ಸಂಗೀತ

ಪ್ರ್ಯಾಟ್ ಲಂಡನ್ನಿನಲ್ಲಿ ಜನಿಸಿದರು. ನಟನೆಗಿಂತ ಮೊದಲು ಅವರಿಗೆ ಹೆಸರು ತಂದದ್ದು ಸಂಗೀತ. ಲಯನೆಲ್ ಬಾರ್ಟ್ ಮತ್ತು ಗಾಯಕ ಟಾಮಿ ಸ್ಟೀಲ್ ಅವರೊಂದಿಗೆ ಸೇರಿ ಅವರು ರಚಿಸಿದ "ರಾಕ್ ವಿತ್ ದ ಕೇವ್‌ಮನ್" 1956ರಲ್ಲಿ ಬಿಡುಗಡೆಯಾಯಿತು. ಸ್ಟೀಲ್ ಅವರ ಈ ಚೊಚ್ಚಲ ಧ್ವನಿಮುದ್ರಿಕೆಯು ಬ್ರಿಟನ್ನಿನ ಆರಂಭಿಕ ರಾಕ್ ಆಂಡ್ ರೋಲ್ ಗೀತೆಗಳಲ್ಲಿ ಒಂದು. 1957ರ "ಎ ಹ್ಯಾಂಡ್‌ಫುಲ್ ಆಫ್ ಸಾಂಗ್ಸ್" ಮತ್ತು 1959ರ "ಲಿಟಲ್ ವೈಟ್ ಬುಲ್" ಇದೇ ಬಳಗದ ಇತರ ಜನಪ್ರಿಯ ಗೀತೆಗಳು. ಬಾರ್ಟ್ ಮುಂದೆ ಆಲಿವರ್! ಸಂಗೀತ ನಾಟಕದ ಕರ್ತೃವಾಗಿ ಖ್ಯಾತರಾದರೆ, ಪ್ರ್ಯಾಟ್ ಅಭಿನಯದತ್ತ ಹೊರಳಿದರು.

ಪತ್ತೇದಾರನ ಪಾತ್ರ

ಡೆನಿಸ್ ಸ್ಪೂನರ್ ರೂಪಿಸಿದ ಈ ಧಾರಾವಾಹಿಯನ್ನು ಐಟಿಸಿ ಸಂಸ್ಥೆ ನಿರ್ಮಿಸಿತು. ಮೊದಲ ಕಂತಿನಲ್ಲಿಯೇ ಜೆಫ್‌ನ ಪಾಲುದಾರ ಮಾರ್ಟಿ ಹಾಪ್‌ಕರ್ಕ್ ಕೊಲೆಯಾಗಿ, ಬಿಳಿಯ ಉಡುಪಿನ ಪ್ರೇತವಾಗಿ ಮರಳುತ್ತಾನೆ. ಕೆನೆತ್ ಕೋಪ್ ಅಭಿನಯಿಸಿದ ಈ ಪ್ರೇತ ಸಾಮಾನ್ಯವಾಗಿ ಜೆಫ್‌ನೊಬ್ಬನಿಗೇ ಕಾಣುತ್ತದೆ. ಆದ್ದರಿಂದ ಅವನು ಗಾಳಿಯೊಡನೆ ಮಾತನಾಡುವವನಂತೆ ಇತರರಿಗೆ ತೋರುತ್ತಾನೆ. ಮಾರ್ಟಿಯ ವಿಧವೆ ಜೀನ್ ಅದೇ ಕಚೇರಿಯಲ್ಲಿ ದುಡಿಯುತ್ತಿದ್ದರೂ ಪತಿಯ ಸಾನ್ನಿಧ್ಯವನ್ನು ಅರಿಯಳು. ಆ ಪಾತ್ರವನ್ನು ಆನೆಟ್ ಆಂಡ್ರೆ ವಹಿಸಿದ್ದರು. ಹಣದ ಮುಗ್ಗಟ್ಟಿನಲ್ಲಿರುವ, ಮೇಲಿಂದ ಮೇಲೆ ಪೆಟ್ಟು ತಿನ್ನುವ, ಸುಕ್ಕುಗಟ್ಟಿದ ಉಡುಪಿನ ಜೆಫ್‌ನನ್ನು ಪ್ರ್ಯಾಟ್ ಸಹಜವಾಗಿ ಅಭಿನಯಿಸಿದರು. ಕಲ್ಪನೆಯ ಕಥೆಗೆ ವಾಸ್ತವದ ನೆಲೆ ಒದಗಿದ್ದು ಈ ಅಭಿನಯದಿಂದ. "ಎ ಡಿಸ್ಟರ್ಬಿಂಗ್ ಕೇಸ್" ಎಂಬ ಕಂತನ್ನು ಅವರು ಇಯನ್ ವಿಲ್ಸನ್ ಜೊತೆಗೂಡಿ ಬರೆದರು.

1969–70ರಲ್ಲಿ 26 ಕಂತುಗಳು ಪ್ರಸಾರವಾದವು. ಅಮೆರಿಕದಲ್ಲಿ ಇದು ಮೈ ಪಾರ್ಟ್ನರ್ ದ ಘೋಸ್ಟ್ ಎಂಬ ಹೆಸರಿನಲ್ಲಿ ತೆರೆಕಂಡಿತು. ಆದರೆ ಎರಡನೆಯ ಸರಣಿ ತಯಾರಾಗಲಿಲ್ಲ.

ನಿಧನ ಮತ್ತು ಪರಂಪರೆ

ಪ್ರ್ಯಾಟ್ ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ರಂಗಪ್ರಯೋಗಗಳಲ್ಲಿಯೂ ಪಾಲ್ಗೊಂಡಿದ್ದರು. ಶ್ವಾಸಕೋಶದ ಕ್ಯಾನ್ಸರ್‌ನಿಂದಾಗಿ ತಮ್ಮ 45ನೆಯ ವಯಸ್ಸಿನಲ್ಲಿ ಸಸೆಕ್ಸ್‌ನ ಮಿಡ್‌ಹರ್ಸ್ಟ್‌ನಲ್ಲಿ ನಿಧನರಾದರು. ಅವರ ಪುತ್ರ ಗೈ ಪ್ರ್ಯಾಟ್ ಬೇಸ್ ಗಿಟಾರ್ ವಾದಕರಾಗಿ ಪಿಂಕ್ ಫ್ಲಾಯ್ಡ್ ತಂಡದೊಂದಿಗೆ ನುಡಿಸಿದ್ದಾರೆ. ಒಂದೇ ಸರಣಿಗೆ ಮುಗಿದ ಧಾರಾವಾಹಿಯು ಮರುಪ್ರಸಾರಗಳ ಮೂಲಕ ಹೊಸ ವೀಕ್ಷಕರನ್ನು ಗಳಿಸಿತು. 2000–01ರಲ್ಲಿ ಬಾಬ್ ಮಾರ್ಟಿಮರ್ ಜೆಫ್ ಆಗಿಯೂ ವಿಕ್ ರೀವ್ಸ್ ಮಾರ್ಟಿಯಾಗಿಯೂ ನಟಿಸಿದ ಹೊಸ ಆವೃತ್ತಿಯನ್ನು ಬಿಬಿಸಿ ಪ್ರಸಾರ ಮಾಡಿತು.