ರೆವರೆಂಡ್ ಕಿಟ್ಟೆಲ್ ಅವರ ಜೀವಿತವೂ ನಮ್ಮ ಕೆಲಸವೂ

ಕನ್ನಡ ಬಲ್ಲವರಲ್ಲಿ ಕಿಟ್ಟೆಲ್ ಎಂಬ ಹೆಸರನ್ನು ಕೇಳದವರು ವಿರಳ. ಆ ಹೆಸರಿನ ಹಿಂದಿರುವ ದುಡಿಮೆಯನ್ನು ಅರಿತವರೂ ವಿರಳವೇ. ಕೊಟ್ಟ ಕೆಲಸವನ್ನು ಸಾಧಾರಣವಾಗಿ ಮಾಡಿ ಮುಗಿಸಿದರೆ ಸಾಲದೆ ಎಂಬ ಪ್ರಶ್ನೆಯು ಹಳೆಯ ವಿದ್ಯಾರ್ಥಿನಿಯರಿಂದಲೂ ಪೋಷಕರಿಂದಲೂ ನಮ್ಮ ಬಳಿಗೆ ಬರುವುದುಂಟು. ಆದುದರಿಂದ ಆ ಮಹನೀಯರ ಜೀವಿತವನ್ನು ಸಂಕ್ಷೇಪವಾಗಿ ಇಲ್ಲಿ ನಿರೂಪಿಸುತ್ತೇವೆ.

ಫರ್ಡಿನೆಂಡ್ ಕಿಟ್ಟೆಲ್ ಅವರು 1832ನೆಯ ಇಸವಿಯ ಏಪ್ರಿಲ್ 7ರಂದು ಜರ್ಮನಿಯ ಪೂರ್ವ ಫ್ರೀಸಿಯಾ ಪ್ರಾಂತದಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಜನಿಸಿದರು. ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಹೊಂದಿ 1853ರಲ್ಲಿ ಇಂಡಿಯಾ ದೇಶಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಮುಂತಾದ ಸ್ಥಳಗಳಲ್ಲಿ ಇದ್ದು ಕನ್ನಡವನ್ನು ಕಲಿತರು. 1860ರಲ್ಲಿ ಮದುವೆಯಾದ ಪತ್ನಿಯನ್ನು 1864ರಲ್ಲಿಯೇ ಕಳೆದುಕೊಂಡರು. ಈ ದುಃಖದ ನಡುವೆಯೂ ಅವರ ಅಭ್ಯಾಸವು ನಿಲ್ಲಲಿಲ್ಲ.

ಕಾಲಕ್ರಮದಲ್ಲಿ ಕನ್ನಡ–ಇಂಗ್ಲಿಷ್ ನಿಘಂಟೊಂದನ್ನು ರಚಿಸುವ ಹೊಣೆಯು ಅವರ ಮೇಲೆ ಬಂದಿತು. ಅಂಥ ನಿಘಂಟು ಆಗಲೇ ಇಲ್ಲದಿರಲಿಲ್ಲ. ರೆವರೆಂಡ್ ವಿಲಿಯಂ ರೀವ್ ಅವರದು 1832ರಲ್ಲಿ ಅಚ್ಚಾಗಿ, 1858ರಲ್ಲಿ ಸ್ಯಾಂಡರ್ಸನ್ ಅವರಿಂದ ಪರಿಷ್ಕಾರವನ್ನೂ ಹೊಂದಿತ್ತು. ಅದನ್ನೇ ಅಲ್ಲಲ್ಲಿ ತಿದ್ದಿ, ಕೆಲವು ಪದಗಳನ್ನು ಸೇರಿಸಿ ಒಪ್ಪಿಸಿದ್ದರೆ ದೂರುವವರು ಹೆಚ್ಚು ಮಂದಿ ಇರುತ್ತಿರಲಿಲ್ಲ. ಕಿಟ್ಟೆಲ್ ಅವರು ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಪ್ರಕಟಿಸಿದರು. ಹೀಗೆ ವ್ಯಾಕರಣ, ಛಂದಸ್ಸುಗಳ ಬುಡವನ್ನು ಭದ್ರಪಡಿಸಿಕೊಂಡು, ಪಂಡಿತರ ನೆರವಿನಿಂದ ಹಳೆಯ ಕಾವ್ಯಗಳನ್ನು ಓದಿ, ಜನರ ಆಡುಮಾತನ್ನೂ ಗಾದೆಗಳನ್ನೂ ಸಂಗ್ರಹಿಸಿದರು.

ಆ ಮಹಾನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಸುಮಾರು 70,000 ಪದಗಳು. 1,700ಕ್ಕೂ ಮಿಕ್ಕ ಪುಟಗಳು. ಪದದ ಅರ್ಥವನ್ನು ಕೊಟ್ಟು ಅವರು ಸುಮ್ಮನಾಗಲಿಲ್ಲ. ಅದು ಯಾವ ಗ್ರಂಥದಲ್ಲಿ ಬಂದಿದೆ, ಸಂಸ್ಕೃತದಿಂದ ಬಂದುದೋ ದೇಶ್ಯವೋ, ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ನಂಟರು ಯಾರು ಎಂಬುದನ್ನೂ ಕಾಣಿಸಿದರು. ಇದರ ಬೆಲೆಯನ್ನು ನಮ್ಮ ಕ್ಯಾಸಂಬಳ್ಳಿಯವರು ಬೇಗನೆ ತಿಳಿಯಬಲ್ಲರು. ಇಲ್ಲಿ ಅನೇಕ ಮನೆಗಳಲ್ಲಿ ತೆಲುಗು, ಗಣಿಯ ಕಾಲೊನಿಗಳಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ನಮ್ಮ ಹಾಲು ಹಳಗನ್ನಡದಲ್ಲಿ ಪಾಲ್. ತೆಲುಗಿನವರಿಗೆ ಪಾಲು, ತಮಿಳಿನವರಿಗೆ ಪಾಲ್. ಒಂದೇ ಬೀದಿಯ ಮಕ್ಕಳು ಒಂದೇ ಮನೆಯ ಮಾತಿನವರೆಂಬುದನ್ನು ಆ ನಿಘಂಟು ಪದಪದಕ್ಕೂ ತೋರಿಸುತ್ತದೆ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಆ ವರ್ಷದ ಡಿಸೆಂಬರಿನಲ್ಲಿಯೇ ಅವರು ಟ್ಯೂಬಿಂಗೆನ್ನಿನಲ್ಲಿ ದೈವಾಧೀನರಾದರು. ಮುಂದೆ ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾನಿಲಯವು ಅದನ್ನು ಪ್ರಕಟಿಸಿತು. ಬುನಾದಿಯು ಗಟ್ಟಿಯಾಗಿದ್ದುದರಿಂದಲೇ ಅದರ ಮೇಲೆ ಮತ್ತೊಬ್ಬರು ಕಟ್ಟುವುದು ಸಾಧ್ಯವಾಯಿತು.

ಹಾಗಾದರೆ ಎಲ್ಲರೂ ಕಿಟ್ಟೆಲ್ ಆಗಬೇಕೇ? ಇಲ್ಲ. ಮಗಳು ಸಾಧಾರಣ ಅಂಕಗಳನ್ನು ತಂದಳೆಂದು ಆಕೆಯನ್ನು ಹೀಯಾಳಿಸುವ ತಂದೆತಾಯಿಗಳನ್ನು ನಾವು ಒಪ್ಪುವುದಿಲ್ಲ. ಶಕ್ತಿಯು ಒಬ್ಬೊಬ್ಬರಿಗೆ ಒಂದೊಂದು ಅಳತೆಯಲ್ಲಿ ಬಂದಿರುತ್ತದೆ. ಅದು ಸಾಧಾರಣವಾಗಿರುವುದು ತಪ್ಪಲ್ಲ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಬಂದು ಒಲೆ ಹಚ್ಚುವ ಹೆಣ್ಣುಮಗಳಿಗೆ, ಆಯುಷ್ಯವನ್ನೆಲ್ಲ ಒಂದೇ ಕೆಲಸಕ್ಕೆ ಧಾರೆಯೆರೆ ಎಂದು ಹೇಳುವ ಅಧಿಕಾರವು ಯಾರಿಗೂ ಇಲ್ಲ. ಅವಳು ಕೆಲವು ಕೆಲಸಗಳನ್ನು ಸಾಕೆನಿಸುವಷ್ಟಕ್ಕೇ ಬಿಟ್ಟರೆ ಅದು ವಿವೇಕವೇ ಸರಿ.

ಆದರೆ ಶಕ್ತಿ ಬೇರೆ, ಎಚ್ಚರ ಬೇರೆ. ನಿಘಂಟನ್ನು ತೆರೆಯುವವನು ಅರ್ಥ ತಿಳಿಯದವನು. ಅಲ್ಲಿ ತಪ್ಪಿದ್ದರೆ ಅವನಿಗೆ ಗೊತ್ತಾಗದು. ದಾದಿಯು ಅಳೆದು ಕೊಟ್ಟ ಔಷಧವನ್ನು ರೋಗಿಯು, ಉಪಾಧ್ಯಾಯಿನಿಯು ತಿದ್ದಿದ ಲೆಕ್ಕವನ್ನು ಮಗುವು, ಗುಮಾಸ್ತೆಯು ಬರೆದ ಹೆಸರನ್ನು ಪಿಂಚಣಿಗೆ ಬಂದ ಮುದುಕಿಯು ಹಾಗೆಯೇ ನಂಬಿಕೊಳ್ಳುತ್ತಾರೆ. ಪರೀಕ್ಷಿಸಿ ನೋಡಲಾರದವರು ನಮ್ಮನ್ನು ನಂಬಿರುವ ಕಡೆ ಅರೆಮನಸ್ಸಿನ ಕೆಲಸವು ಸಲ್ಲದು. ಅಂಥ ಕೆಲಸವನ್ನು ಮತ್ತೊಮ್ಮೆ ನೋಡಿ ಒಪ್ಪಿಸುವುದಕ್ಕೆ ಮಹಾಪಾಂಡಿತ್ಯವು ಬೇಕಿಲ್ಲ.

ಪೋಷಕರಲ್ಲಿ ನಮ್ಮದೊಂದು ಬಿನ್ನಹವಿದೆ. ಕಿಟ್ಟೆಲ್ ಅವರ ನಿಘಂಟು ಎಲ್ಲಿಯಾದರೂ ದೊರೆತಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮ ಮನೆಯಲ್ಲಿ ದಿನವೂ ಆಡುವ ಒಂದು ಪದವನ್ನು ಅದರಲ್ಲಿ ಹುಡುಕಿರಿ. ಅಷ್ಟು ಚಿಕ್ಕ ಪದಕ್ಕೂ ಅಷ್ಟು ಶ್ರಮಪಟ್ಟವರೊಬ್ಬರಿದ್ದರೆಂಬುದನ್ನು ಆಕೆಯು ಕಣ್ಣಾರೆ ಕಾಣಲಿ.